ಹೇಳಿದ್ದು ತಲುಪಿತೇ, ನೋಡಿಕೊಳ್ಳಿ

ನರ್ಸಿಂಗ್ ಓದು ಮುಗಿಸಿ ಈಗಷ್ಟೇ ವಾರ್ಡಿಗೆ ಕಾಲಿಟ್ಟಿದ್ದೀರಿ. ಸಂತೋಷ. ಡ್ರಿಪ್ ಹಾಕುವುದು, ಇಂಜೆಕ್ಷನ್ ಕೊಡುವುದು, ಬಿಪಿ ನೋಡುವುದು, ಡ್ರೆಸ್ಸಿಂಗ್ ಮಾಡುವುದು ಎಲ್ಲ ಕೈಗೆ ಹತ್ತಿದೆ. ಉಳಿದದ್ದು ಇನ್ನಾರು ತಿಂಗಳಲ್ಲಿ ಹತ್ತುತ್ತದೆ. ಆದರೆ ಕೈ ಪಳಗಿದಷ್ಟು ಸುಲಭವಾಗಿ ಮಾತು ಪಳಗುವುದಿಲ್ಲ. ಕೈ ತಪ್ಪಿದರೆ ಪಕ್ಕದವರಿಗೆ ಕಾಣುತ್ತದೆ, ತಿದ್ದುತ್ತಾರೆ. ಮಾತು ತಪ್ಪಿದರೆ ಹೇಳಿದವರಿಗೂ ಗೊತ್ತಾಗುವುದಿಲ್ಲ, ಕೇಳಿದವರಿಗೂ ಗೊತ್ತಾಗುವುದಿಲ್ಲ. ಹಾಸಿಗೆಯಲ್ಲಿ ಮಲಗಿರುವ ರೋಗಿ ಅದನ್ನು ಅನುಭವಿಸಬೇಕಾಗುತ್ತದೆ. ವಾರ್ಡಿನಲ್ಲೇ ಕೂದಲು ಬೆಳ್ಳಗಾದವಳು ನಾನು. ಕೆಲಸದ ಮಾತನ್ನು ಹೇಗೆ ಆಡಬೇಕು, ಹೇಗೆ ಆಡಬಾರದು ಎಂದು ನಿಮಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ಅಲ್ಲಲ್ಲಿ ಗದರಿದರೆ ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಒಳ್ಳೆಯದಕ್ಕೇ.

ವಾರ್ಡಿನಲ್ಲಿ ಏನಾದರೂ ಎಡವಟ್ಟಾದಾಗ ಮೊದಲು ಕೇಳಿಬರುವುದು, ‘ನಾನು ಹೇಳಿದ್ನಲ್ಲ!’ ಅದರ ಬೆನ್ನಿಗೇ, ‘ನನಗೆ ಯಾರೂ ಹೇಳಲೇ ಇಲ್ಲ.’ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಒಬ್ಬರು ಟ್ರಾಲಿ ತಳ್ಳಿಕೊಂಡು ಹೋಗುತ್ತಾ ಹೇಳಿರುತ್ತಾರೆ, ಇನ್ನೊಬ್ಬರು ಆಗ ಮಾತ್ರೆ ಎಣಿಸುತ್ತಿರುತ್ತಾರೆ. ಆದ್ದರಿಂದ ಮೊದಲ ದಿನದಿಂದಲೇ ಒಂದು ಅಭ್ಯಾಸ ಹಾಕಿಕೊಳ್ಳಿ. ನೀವು ಹೇಳಬೇಕು, ಎದುರಿನವರು ಅದನ್ನು ತಿರುಗಿ ನಿಮಗೆ ಹೇಳಬೇಕು, ನೀವು ‘ಹೌದು’ ಅನ್ನಬೇಕು. ಮೂರೂ ಆದರೆ ಮಾತು ಮುಗಿಯಿತು. ಅಲ್ಲಿಯವರೆಗೆ ಮುಗಿದಿಲ್ಲ ಎಂದೇ ತಿಳಿಯಿರಿ. ಇಲ್ಲಿ ನಾನು ಹೇಳುವುದೆಲ್ಲ ಇದರ ವಿಸ್ತಾರವೇ.

ಡ್ಯೂಟಿ ಬದಲಾಗುವ ಹೊತ್ತಿನಿಂದ ಶುರುಮಾಡೋಣ. ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟು. ನಮ್ಮ ಬಹಳಷ್ಟು ಆಸ್ಪತ್ರೆಗಳಲ್ಲಿ ಇದೇ ಲೆಕ್ಕ. ಹೋಗುವವರಿಗೆ ಬಸ್ಸಿನ ಅವಸರ, ಬಂದವರಿಗೆ ಇನ್ನೂ ಬ್ಯಾಗು ಇಡುವ ಗಡಿಬಿಡಿ. ಆ ಐದು ನಿಮಿಷದಲ್ಲಿ ಹತ್ತಿಪ್ಪತ್ತು ಜೀವಗಳ ಜವಾಬ್ದಾರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ‘ಎಲ್ಲ ಸ್ಟೇಬಲ್, ಸೇಮ್ ಟ್ರೀಟ್‌ಮೆಂಟ್, ಏನೂ ವಿಶೇಷ ಇಲ್ಲ’ ಎಂದು ರಿಜಿಸ್ಟರ್ ಮುಂದಿಟ್ಟು ಹೊರಡುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸ್ಟೇಬಲ್ ಎಂದರೆ ಏನಮ್ಮ? ಬಿಪಿ ಎಷ್ಟಿದ್ದರೆ ಸ್ಟೇಬಲ್? ಬೆಳಿಗ್ಗೆ ಎಷ್ಟಿತ್ತು, ಈಗ ಎಷ್ಟಿದೆ? ಅದನ್ನು ಹೇಳಿ.

ಹ್ಯಾಂಡೋವರನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ ಕುಳಿತು ಕೊಡಬೇಡಿ. ಇಬ್ಬರೂ ಹಾಸಿಗೆಯಿಂದ ಹಾಸಿಗೆಗೆ ನಡೆಯಿರಿ. ರೋಗಿ ಯಾರು, ಯಾಕೆ ದಾಖಲಾಗಿದ್ದಾರೆ, ಈ ಪಾಳಿಯಲ್ಲಿ ಏನಾಯಿತು, ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟಿರಿ, ಯಾವುದನ್ನು ಕೊಡಲಿಲ್ಲ, ಯಾಕೆ ಕೊಡಲಿಲ್ಲ ಎಂದು ಹೇಳಿ. ಕೊಡದೇ ಉಳಿದದ್ದೇ ಮುಖ್ಯ; ಕೊಟ್ಟದ್ದು ಚಾರ್ಟಿನಲ್ಲಿರುತ್ತದೆ, ಕೊಡದ್ದು ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ, ತಲೆ ನಿಮ್ಮ ಜೊತೆ ಬಸ್ಸು ಹತ್ತುತ್ತದೆ. ಲ್ಯಾಬಿನಿಂದ ಬರಬೇಕಾದ ರಿಪೋರ್ಟ್ ಯಾವುದು, ಬಂದರೆ ಯಾರಿಗೆ ತಿಳಿಸಬೇಕು ಎಂಬುದನ್ನೂ ಹೇಳಿ. ಡ್ರಿಪ್ಪಿನಲ್ಲಿ ಎಷ್ಟು ಉಳಿದಿದೆ, ಯಾವ ವೇಗದಲ್ಲಿ ಹೋಗುತ್ತಿದೆ, ಮೂತ್ರದ ಚೀಲದಲ್ಲಿ ಎಷ್ಟಿದೆ ಎಂದು ಇಬ್ಬರೂ ಕಣ್ಣಾರೆ ನೋಡಿ. ಯಾವ ಔಷಧಿಗೆ ಅಲರ್ಜಿ ಇದೆ ಎಂಬುದನ್ನು ದಿನವೂ ಹೇಳಿ, ನಿನ್ನೆ ಹೇಳಿದ್ದರೂ ಇವತ್ತು ಹೇಳಿ. ಕೊನೆಗೆ ‘ಈ ವಾರ್ಡಿನಲ್ಲಿ ರಾತ್ರಿ ನೀವು ಹೆಚ್ಚು ಗಮನ ಇಡಬೇಕಾದವರು ಇವರು’ ಎಂದು ಒಂದಿಬ್ಬರನ್ನು ಬೊಟ್ಟು ಮಾಡಿ ತೋರಿಸಿ. ಆ ಒಂದು ವಾಕ್ಯ ಇಡೀ ರಿಜಿಸ್ಟರಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ರೋಗಿಯನ್ನು ಬೆಡ್ ನಂಬರಿನಿಂದ ಕರೆಯುವ ಚಾಳಿಯನ್ನು ದಯವಿಟ್ಟು ಬಿಡಿ. ‘ಹನ್ನೆರಡಕ್ಕೆ ಇಂಜೆಕ್ಷನ್ ಕೊಡು’ ಎಂದರೆ ಹನ್ನೆರಡನೇ ಬೆಡ್ಡಿಗೋ, ಹನ್ನೆರಡು ಗಂಟೆಗೋ? ರಾತ್ರಿ ಕಿಟಕಿಯಿಂದ ಗಾಳಿ ಬರುತ್ತದೆಂದು ಹನ್ನೆರಡರವರನ್ನು ಹದಿನಾಲ್ಕಕ್ಕೆ ಬದಲಾಯಿಸಿದ್ದರೆ? ಹೆಸರು ಮತ್ತು ಆಸ್ಪತ್ರೆಯ ದಾಖಲಾತಿ ಸಂಖ್ಯೆ ಎರಡನ್ನೂ ಕೈಪಟ್ಟಿಯಲ್ಲಿ ನೋಡಿಯೇ ಔಷಧಿ ಕೊಡಿ. ಹೆಸರೊಂದೇ ಸಾಲದು, ಮಂಡ್ಯ, ಹಾಸನದ ಕಡೆಯ ಹೆಂಗಸರ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರು ಇರುವುದು ಅಪರೂಪವೇನಲ್ಲ. ಕೇಳುವ ರೀತಿಯಲ್ಲೂ ಎಚ್ಚರ ಬೇಕು. ‘ನೀವು ಲಕ್ಷ್ಮಮ್ಮ ತಾನೇ?’ ಎಂದು ಕೇಳಿದರೆ ಕಿವಿ ಮಂದವಾದ ಅಜ್ಜಿ, ನಿದ್ದೆಗಣ್ಣಿನಲ್ಲಿರುವ ಅಜ್ಜಿ, ಸುಮ್ಮನೆ ತಲೆಯಾಡಿಸಿಬಿಡುತ್ತಾರೆ. ‘ನಿಮ್ಮ ಹೆಸರೇನಜ್ಜಿ?’ ಎಂದು ಕೇಳಿ, ಅವರ ಬಾಯಿಂದಲೇ ಹೆಸರು ಬರಲಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇನ್ನು ರಾತ್ರಿ ಡಾಕ್ಟರಿಗೆ ಫೋನ್ ಮಾಡುವ ವಿಷಯ. ಹೊಸಬರಿಗೆ ಇದು ದೊಡ್ಡ ಭಯ, ನನಗೆ ಗೊತ್ತು. ಭಯದಲ್ಲಿ ನೀವು ಏನು ಮಾಡುತ್ತೀರಿ? ‘ಸರ್, ಪೇಷಂಟ್ ಒಂಥರಾ ಇದ್ದಾರೆ ಸರ್’ ಅನ್ನುತ್ತೀರಿ. ನಿದ್ದೆಯಿಂದೆದ್ದ ಡಾಕ್ಟರು ‘ಒಂಥರಾ ಅಂದ್ರೆ ಏನ್ರೀ? ಬಿಪಿ ಎಷ್ಟು?’ ಅನ್ನುತ್ತಾರೆ. ‘ನೋಡಿ ಹೇಳ್ತೀನಿ ಸರ್’ ಎಂದು ಓಡುತ್ತೀರಿ. ಅವರು ಗದರುತ್ತಾರೆ, ನೀವು ಅಳುತ್ತೀರಿ, ರೋಗಿಯ ಹತ್ತು ನಿಮಿಷ ಹಾಳಾಗುತ್ತದೆ. ಫೋನ್ ಎತ್ತುವ ಮೊದಲು ಒಂದೇ ನಿಮಿಷ ನಿಲ್ಲಿ. ನಾಡಿ, ಬಿಪಿ, ಉಸಿರು, ಆಕ್ಸಿಜನ್, ಜ್ವರ, ಸಕ್ಕರೆ ಎಲ್ಲವನ್ನೂ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ. ಕೇಸ್ ಶೀಟ್ ಕೈಯಲ್ಲಿರಲಿ. ರೋಗಿ ಕಣ್ಣಮುಂದೆ ಕುಸಿಯುತ್ತಿದ್ದರೆ ಮಾತ್ರ ಈ ಒಂದು ನಿಮಿಷಕ್ಕೂ ಕಾಯದೆ ಕೂಗಿ ಜನ ಸೇರಿಸಿ.

ಹೇಳುವುದಕ್ಕೆ ಒಂದು ಕ್ರಮವಿದೆ, ಎಸ್‌ಬಾರ್ ಎನ್ನುತ್ತಾರೆ. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಪದ್ಧತಿ ಇದು. ಅಲ್ಲಿನ ಕೈಸರ್ ಪರ್ಮನೆಂಟೆ ಎಂಬ ದೊಡ್ಡ ಆಸ್ಪತ್ರೆ ಸಂಸ್ಥೆಯವರು 2000ದ ದಶಕದ ಆರಂಭದಲ್ಲಿ ಇದನ್ನು ವಾರ್ಡಿಗೆ ತಂದರು; ಈಗ ಜಗತ್ತಿನ ಎಷ್ಟೋ ನರ್ಸಿಂಗ್ ಕಾಲೇಜುಗಳಲ್ಲಿ ಕಲಿಸುತ್ತಾರೆ. ಮೊದಲು ಈಗ ಏನಾಗಿದೆ ಎಂಬುದು, ಆಮೇಲೆ ಅದರ ಹಿನ್ನೆಲೆ, ಆಮೇಲೆ ನಿಮಗೆ ಏನನ್ನಿಸುತ್ತದೆ ಎಂಬುದು, ಕೊನೆಗೆ ಡಾಕ್ಟರಿಂದ ನಿಮಗೆ ಏನಾಗಬೇಕು ಎಂಬುದು. ನಿಮ್ಮ ಹೆಸರು, ವಾರ್ಡು, ರೋಗಿಯ ಹೆಸರು ಹೇಳಿದ ಮೇಲೆ ಹೀಗೆ ಹೇಳಿ: ‘ಸರ್, ಇವರಿಗೆ ಉಸಿರಾಟದ ತೊಂದರೆ ಹೆಚ್ಚಾಗಿದೆ. ಉಸಿರು ನಿಮಿಷಕ್ಕೆ 32, ಆಕ್ಸಿಜನ್ 88. ಸಂಜೆ ಆರು ಗಂಟೆಗೆ 95 ಇತ್ತು. ಬಿಪಿ 90–60. 62 ವರ್ಷ, ನಿನ್ನೆ ನ್ಯುಮೋನಿಯಾ ಎಂದು ದಾಖಲಾದವರು, ಸಕ್ಕರೆ ಕಾಯಿಲೆ ಇದೆ. ಸ್ಥಿತಿ ಬಿಗಡಾಯಿಸುತ್ತಿದೆ ಎಂದು ನನಗನ್ನಿಸುತ್ತಿದೆ. ಆಕ್ಸಿಜನ್ ಹಾಕಿದ್ದೇನೆ. ನೀವು ಈಗಲೇ ಬಂದು ನೋಡಬೇಕು.’ ಇಷ್ಟಕ್ಕೆ ಒಂದು ನಿಮಿಷವೂ ಬೇಡ. ಹೀಗೆ ಹೇಳಿದರೆ ಮಲಗಿದ್ದ ಡಾಕ್ಟರೂ ಎದ್ದು ಕೂರುತ್ತಾರೆ.

ಈ ನಾಲ್ಕರಲ್ಲಿ ನಮ್ಮ ಹುಡುಗಿಯರು ಕೊನೆಯ ಎರಡನ್ನು ಹೇಳದೆ ನುಂಗಿಬಿಡುತ್ತಾರೆ. ‘ನನಗೆ ಹೀಗನ್ನಿಸುತ್ತಿದೆ’ ಎನ್ನಲು ಸಂಕೋಚ, ‘ನೀವು ಬರಬೇಕು’ ಎನ್ನಲು ಇನ್ನೂ ಸಂಕೋಚ. ಅಂಕಿಗಳನ್ನು ಒಪ್ಪಿಸಿ ಸುಮ್ಮನಾಗುತ್ತಾರೆ. ಆ ಕಡೆಯವರಿಗೆ ರೋಗಿ ಕಾಣುತ್ತಿಲ್ಲ, ನಿಮಗೆ ಕಾಣುತ್ತಿದ್ದಾರೆ. ಗಂಟೆಗಟ್ಟಲೆ ಅವರ ಪಕ್ಕದಲ್ಲಿ ನಿಂತವರು ನೀವು. ನಿಮಗೆ ಅನ್ನಿಸಿದ್ದಕ್ಕೆ ಬೆಲೆ ಇದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಇಲ್ಲಿ ನಿಮ್ಮ ಬಾಯಿಂದ ಇನ್ನೊಬ್ಬರು ಬದುಕಬೇಕು.

ಡಾಕ್ಟರು ಫೋನಿನಲ್ಲೇ ಔಷಧಿ ಹೇಳಿದರೆ ‘ಸರಿ ಸರ್’ ಎಂದು ಇಟ್ಟುಬಿಡಬೇಡಿ. ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ, ಅವರು ಹೌದೆಂದ ಮೇಲೆ ಕೊಡಿ. ನೆನಪಿನಿಂದ ತಿರುಗಿ ಹೇಳುವುದಲ್ಲ, ಕಾಗದ ನೋಡಿ ಓದಬೇಕು. ಇಂಗ್ಲಿಷಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ‘ಒನ್ ಫೈವ್, ಹದಿನೈದು ತಾನೇ ಸರ್?’ ಎಂದು ಬಿಡಿಸಿ ಕೇಳಿ. ಡೋಪಮಿನ್ ಬೇರೆ, ಡೋಬುಟಮಿನ್ ಬೇರೆ. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿಸಿಕೊಳ್ಳಿ. ಹೊಟ್ಟೆಯ ಉರಿಗೆ ಕೊಡುವ ಲೋಸೆಕ್, ಮೂತ್ರ ಹೋಗಲು ಕೊಡುವ ಲಾಸಿಕ್ಸ್ ಎರಡರ ನಡುವೆ ಎಷ್ಟು ಗೊಂದಲವಾಯಿತೆಂದರೆ, ಅಮೆರಿಕದಲ್ಲಿ 1990ರಲ್ಲಿ ಲೋಸೆಕ್‌ನ ಹೆಸರನ್ನೇ ಪ್ರೈಲೋಸೆಕ್ ಎಂದು ಬದಲಾಯಿಸಿದರು. ಅಷ್ಟು ದೊಡ್ಡ ದೇಶದ ಡಾಕ್ಟರು, ಫಾರ್ಮಸಿಸ್ಟರು ಎಡವಿದ ಕಡೆ ನಾವು ಎಡವುವುದಿಲ್ಲ ಎಂಬ ಧೈರ್ಯ ಬೇಡ. ಮಾರನೆಯ ದಿನ ಆ ಆದೇಶಕ್ಕೆ ಡಾಕ್ಟರ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಅದು ಅಪನಂಬಿಕೆಯಲ್ಲ, ಪದ್ಧತಿ. ಇಬ್ಬರಿಗೂ ರಕ್ಷಣೆ.

ಬರವಣಿಗೆಯೂ ಮಾತೇ. ನೀವು ಮನೆಗೆ ಹೋದ ಮೇಲೆ ನಿಮ್ಮ ಪರವಾಗಿ ವಾರ್ಡಿನಲ್ಲಿ ಮಾತಾಡುವುದು ನಿಮ್ಮ ಅಕ್ಷರ. ಅದನ್ನು ಕೋಳಿ ಕೆದಕಿದ ಹಾಗೆ ಬರೆದರೆ ಹೇಗೆ? ಒಂದು ಚುಕ್ಕಿ, ಒಂದು ಸೊನ್ನೆ ಏನು ಮಾಡುತ್ತದೆ ನೋಡಿ. ಒಂದು ಮಿಲಿಗ್ರಾಂ ಎಂಬುದನ್ನು 1.0 ಎಂದು ಬರೆದಿರಿ, ಚುಕ್ಕಿ ಕಾಣಲಿಲ್ಲ, ಹತ್ತಾಯಿತು. ಅರ್ಧ ಎಂಬುದನ್ನು ಮುಂದೆ ಸೊನ್ನೆಯಿಲ್ಲದೆ .5 ಎಂದು ಬರೆದಿರಿ, ಚುಕ್ಕಿ ಕಾಣಲಿಲ್ಲ, ಐದಾಯಿತು. ಆದ್ದರಿಂದ ಪೂರ್ಣ ಸಂಖ್ಯೆಯ ಹಿಂದೆ ಚುಕ್ಕಿ, ಸೊನ್ನೆ ಬೇಡ. ದಶಮಾಂಶದ ಮುಂದೆ ಸೊನ್ನೆ ಬೇಕೇ ಬೇಕು. ಇನ್ಸುಲಿನ್ ಬರೆಯುವಾಗ ಯೂನಿಟ್ ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಾಣುತ್ತದೆ, 4 ಯೂನಿಟ್ 40 ಆಗುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲೇ ಇಂಥ ಬರೆಯಬಾರದ ಸಂಕ್ಷೇಪಗಳ ಪಟ್ಟಿ ಮಾಡಿತು. ನಮ್ಮಲ್ಲಿ ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು 2016ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಮಂಡಳಿ ಡಾಕ್ಟರುಗಳಿಗೆ ಹೇಳಿತು. ಡಾಕ್ಟರ ಅಕ್ಷರ ಓದಲು ಬರದಿದ್ದರೆ ಊಹಿಸಬೇಡಿ. ಪಕ್ಕದ ಸಿಸ್ಟರನ್ನು ಕೇಳಿ ಇಬ್ಬರೂ ಸೇರಿ ಊಹಿಸುವುದೂ ಬೇಡ. ಬರೆದವರನ್ನೇ ಕೇಳಿ.

ಇನ್ಸುಲಿನ್ ಎಂದಾಗ ನೆನಪಾಯಿತು, ಇದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ದೇಶದಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಇವೆ. ಕೆಂಪು ಮುಚ್ಚಳದ್ದು ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಔಷಧಿಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವುದಕ್ಕೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಎರಡೂವರೆ ಪಟ್ಟು ಹೋಗುತ್ತದೆ. ಸಕ್ಕರೆ ಇಳಿದು ಜೀವಕ್ಕೇ ಅಪಾಯ. ಡಿಸ್ಚಾರ್ಜ್ ಆಗುವ ರೋಗಿಗೆ ‘ಹತ್ತು ಯೂನಿಟ್ ತಗೊಳ್ಳಿ’ ಎಂದಷ್ಟೇ ಹೇಳಿ ಕಳಿಸುವವರಿದ್ದಾರೆ. ಯಾವ ಬಾಟಲಿ, ಯಾವ ಬಣ್ಣದ ಮುಚ್ಚಳ ಎಂದು ತೋರಿಸಿ ಹೇಳಿ. ಅವರ ಕೈಯಲ್ಲೇ ಒಮ್ಮೆ ಎಳೆಸಿ ನೋಡಿ.

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ಹಿರಿಯರು ತಪ್ಪು ಮಾಡುತ್ತಿರುವುದು ಕಂಡರೆ ಏನು ಮಾಡಬೇಕು? ನಮ್ಮ ಮನೆಗಳಲ್ಲಿ ದೊಡ್ಡವರ ಮುಂದೆ ಎದುರಾಡಬಾರದು ಎಂದು ಕಲಿಸಿದ್ದಾರೆ. ಒಳ್ಳೆಯ ಪಾಠವೇ. ಆದರೆ ಕೆಲಸದ ಜಾಗದಲ್ಲಿ ಅದನ್ನು ಹಾಗೇ ಇಟ್ಟುಕೊಂಡರೆ ಅನಾಹುತವಾಗುತ್ತದೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಕೆಎಲ್‌ಎಂನ ದೊಡ್ಡ ವಿಮಾನ ಹೊರಟಿತು. ಅದೇ ರನ್‌ವೇ ಮೇಲೆ ಪ್ಯಾನ್ ಆಮ್‌ನ ವಿಮಾನ ಇನ್ನೂ ಇತ್ತು. ಕಂಟ್ರೋಲ್ ಟವರಿನ ಒಂದು ‘ಓಕೆ’ಯನ್ನು ಕೆಎಲ್‌ಎಂ ವಿಮಾನದಲ್ಲಿದ್ದವರು ಅನುಮತಿ ಎಂದು ತಿಳಿದಿದ್ದರು, ಅದರ ಹಿಂದೆ ಬಂದ ‘ಕಾಯಿರಿ’ ಎಂಬ ಮಾತು ರೇಡಿಯೊದ ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ. ಪ್ಯಾನ್ ಆಮ್ ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದರು. ಅನುಭವಿ ಕ್ಯಾಪ್ಟನ್ ‘ಹೋಗಿದೆ’ ಎಂದು ಗಟ್ಟಿಯಾಗಿ ಹೇಳಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಆಮೇಲೆ ವಿಮಾನದವರು ತಮ್ಮ ಮಾತಿನ ರೀತಿಯನ್ನೇ ಬದಲಿಸಿದರು. ‘ಟೇಕಾಫ್’ ಎಂಬ ಪದವನ್ನು ಈಗ ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಬಿಟ್ಟು ಬೇರೆಲ್ಲೂ ಬಳಸುವುದಿಲ್ಲ.

ಅಷ್ಟು ದೂರ ಹೋಗುವುದೇ ಬೇಡ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ನಮ್ಮ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕೆಳಗೆ ಉರುಳಿತು. 158 ಜನ ತೀರಿಕೊಂಡರು, ಉಳಿದವರು ಎಂಟೇ ಮಂದಿ. ಇಳಿಸಬೇಡಿ, ಮತ್ತೆ ಮೇಲಕ್ಕೆ ಹೋಗೋಣ ಎಂಬ ಎಚ್ಚರಿಕೆಯನ್ನು ಸಹಪೈಲಟ್ ಮೂರು ಸಲ ಕೊಟ್ಟಿದ್ದರೂ ಕ್ಯಾಪ್ಟನ್ ವಿಮಾನ ಇಳಿಸಲು ಮುಂದಾದರು ಎಂದು ತನಿಖಾ ವರದಿ ಹೇಳಿತು. ಟೆನೆರಿಫ್‌ನಲ್ಲಿ ಕಿರಿಯರು ಒಮ್ಮೆ ಹೇಳಿ ಸುಮ್ಮನಾದರು, ಇಲ್ಲಿ ಮತ್ತೆ ಮತ್ತೆ ಹೇಳಿದರೂ ಹಿರಿಯರು ಕಿವಿಗೊಡಲಿಲ್ಲ. ಹಾಗಾಗಿ ಈ ಭಾಗವನ್ನು ವಾರ್ಡಿನ ಹಿರಿಯರೂ ಓದಲಿ ಎಂದು ನನ್ನಾಸೆ. ಕಿರಿಯರು ಬಾಯಿ ತೆರೆದಾಗ ‘ನಿನಗೇನು ಗೊತ್ತು’ ಅನ್ನಬೇಡಿ. ಒಮ್ಮೆ ಹಾಗೆ ಅಂದರೆ ಅವರು ಇನ್ನೊಮ್ಮೆ ಹೇಳುವುದಿಲ್ಲ, ಹೇಳಲೇಬೇಕಾದಾಗಲೂ ಹೇಳುವುದಿಲ್ಲ.

ಕಿರಿಯರಾದ ನಿಮಗೆ ಒಂದು ಮೆಟ್ಟಿಲು ಹೇಳಿಕೊಡುತ್ತೇನೆ. ಮೊದಲು ಮೆತ್ತಗೆ: ‘ಮೇಡಂ, ಈ ಡೋಸ್ ಬಗ್ಗೆ ನನಗೆ ಅನುಮಾನ ಇದೆ, ಒಮ್ಮೆ ನೋಡ್ತೀರಾ?’ ಕೇಳಲಿಲ್ಲವೇ, ಎರಡನೆಯದು: ‘ಮೇಡಂ, ಇದನ್ನು ಕೊಡಲು ನನಗೆ ಧೈರ್ಯ ಬರುತ್ತಿಲ್ಲ, ಇವರ ಕಿಡ್ನಿ ರಿಪೋರ್ಟ್ ಹೀಗಿದೆ.’ ಆಗಲೂ ಕೇಳಲಿಲ್ಲವೇ, ಮೂರನೆಯದು: ‘ಇದು ರೋಗಿಯ ಜೀವದ ಪ್ರಶ್ನೆ, ದಯವಿಟ್ಟು ನಿಲ್ಲಿಸಿ.’ ಅಷ್ಟಾದರೂ ಆಗದಿದ್ದರೆ ಅವರ ಮೇಲಿನವರಿಗೆ ಫೋನ್ ಮಾಡಿ, ಮಾಡುತ್ತಿದ್ದೇನೆಂದು ಅವರಿಗೇ ಹೇಳಿ ಮಾಡಿ. ದನಿ ಏರಿಸುವ ಅಗತ್ಯವಿಲ್ಲ, ‘ಸರ್’, ‘ಮೇಡಂ’ ಬಿಡುವ ಅಗತ್ಯವೂ ಇಲ್ಲ. ಮರ್ಯಾದೆ ಇಟ್ಟುಕೊಂಡೇ ಗಟ್ಟಿಯಾಗಿ ನಿಲ್ಲಬಹುದು. ಮಾತು ಬಲ್ಲವನಿಗೆ ಜಗಳವಿಲ್ಲ.

ಆಪರೇಷನ್ ಥಿಯೇಟರಿನಲ್ಲಿ ಕೆಲಸಕ್ಕೆ ಹಾಕಿದರೆ ಇನ್ನೊಂದನ್ನು ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಒಂದು ಪಟ್ಟಿ ತಂದಿತು. ಚರ್ಮ ಕೊಯ್ಯುವ ಮೊದಲು ಅಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು ಎಂಬುದೂ ಅದರಲ್ಲಿದೆ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಪಟ್ಟಿಯಲ್ಲಿ ಬೇರೆ ಅಂಶಗಳೂ ಇವೆ, ಎಲ್ಲ ಪುಣ್ಯವೂ ಹೆಸರು ಹೇಳಿದ್ದಕ್ಕೇ ಸಲ್ಲದು. ಆದರೆ ಒಮ್ಮೆ ತನ್ನ ಹೆಸರು ಹೇಳಿ ಬಾಯಿ ತೆರೆದವರಿಗೆ ಎರಡನೇ ಸಲ ಬಾಯಿ ತೆರೆಯುವುದು ಸುಲಭ ಎಂಬುದನ್ನು ನಾನು ನೋಡಿದ್ದೇನೆ. ಆ ಪಟ್ಟಿಗೆ ಓದದೆ ಟಿಕ್ ಹಾಕುವ ಕೆಲಸ ನಿಮ್ಮಿಂದ ಆಗದಿರಲಿ.

ರೋಗಿಗಳ ಜೊತೆಗಿನ ಮಾತಿಗೆ ಬರೋಣ. ಮೊದಲು ಕೇಳಿಸಿಕೊಳ್ಳುವುದನ್ನು ಕಲಿಯಿರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಂಥ ಅವಸರ ನಮ್ಮಲ್ಲಿ ಬಹಳ. ಅಜ್ಜ ‘ಎದೆಯಲ್ಲಿ ಗ್ಯಾಸ್ ಹಿಡಿದಂಗಿದೆ’ ಅಂದಕೂಡಲೇ ಗ್ಯಾಸಿನ ಮಾತ್ರೆಗೆ ಕೈ ಹಾಕಬೇಡಿ. ನಮ್ಮ ಜನ ಹೃದಯಾಘಾತವನ್ನೂ ಗ್ಯಾಸ್ ಎಂದೇ ಹೇಳುತ್ತಾರೆ. ಎಲ್ಲಿ, ಯಾವಾಗಿನಿಂದ, ಕೈಗೆ ದವಡೆಗೆ ಹರಿಯುತ್ತಿದೆಯೇ, ಬೆವರು ಬಂತೇ ಎಂದು ಕೇಳಿ, ಡಾಕ್ಟರಿಗೆ ತಿಳಿಸಿ. ಊರಿಂದೂರಿಗೆ ಮಾತು ಬದಲಾಗುತ್ತದೆ. ಮೈಸೂರಿನ ಕಡೆಯವರು ಇಂದು ಕಲಬುರ್ಗಿಯಲ್ಲಿ ಕೆಲಸಕ್ಕೆ ಸೇರುತ್ತೀರಿ. ಅಲ್ಲಿ ‘ಬ್ಯಾನಿ’ ಅಂದರೆ ನೋವು, ‘ಆರಾಮಿಲ್ಲ’ ಅಂದರೆ ಮೈ ಸರಿಯಿಲ್ಲ. ಕೇರಳದಿಂದ ಬಂದ ಮಕ್ಕಳೂ ನಮ್ಮಲ್ಲಿ ಬಹಳ ಮಂದಿ ಇದ್ದೀರಿ, ಮನಸ್ಸಿಟ್ಟು ಕೆಲಸ ಮಾಡುತ್ತೀರಿ. ನಿಮಗೂ ಹೇಳುವುದು ಇಷ್ಟೇ: ರೋಗಿ ತನ್ನ ನೋವನ್ನು ಹೇಳುವ ಮಾತುಗಳನ್ನು ಕಲಿಯಿರಿ. ಉರಿ, ಸೆಳೆತ, ಜುಮ್ಮು, ಸಂಕಟ, ಏದುಸಿರು, ತಲೆಸುತ್ತು. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ತಿಂಗಳೊಳಗೆ ಬರುತ್ತದೆ. ಹ್ಯಾಂಡೋವರ್ ಹೊತ್ತಿನಲ್ಲಿ ಅಲ್ಲಿರುವ ಎಲ್ಲರಿಗೂ ಗೊತ್ತಿರುವ ಭಾಷೆಯಲ್ಲೇ ಮಾತಾಡಿ. ಇದು ಮಲಯಾಳದವರಿಗೂ ಕನ್ನಡದವರಿಗೂ ಒಂದೇ ನಿಯಮ.

ಹೇಳುವಾಗಲೂ ಅವರ ಬದುಕಿನ ಮಾತಲ್ಲೇ ಹೇಳಿ. ನಾಳೆ ಆಪರೇಷನ್, ‘ರಾತ್ರಿ ಹನ್ನೆರಡರ ಮೇಲೆ ಏನೂ ತಿನ್ನಬೇಡಿ’ ಎನ್ನುತ್ತೀರಿ. ಅವರು ತಿನ್ನುವುದಿಲ್ಲ, ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾರೆ. ಹಾಲು ಹಾಕಿದ ಕಾಫಿ ಹೊಟ್ಟೆಯಲ್ಲಿದ್ದರೆ ಅರಿವಳಿಕೆ ಕೊಡುವಂತಿಲ್ಲ, ಆಪರೇಷನ್ ಮುಂದಕ್ಕೆ ಹೋಗುತ್ತದೆ. ‘ಹೇಳಿದ್ರೂ ಕೇಳಲ್ಲ’ ಎಂದು ಅವರನ್ನು ಬೈಯುತ್ತೀರಿ. ನೀವು ಹೇಳಿದ್ದು ತಿನ್ನಬೇಡಿ ಎಂದು ತಾನೇ? ಕಾಫಿ, ಚಹಾ, ಹಾಲು, ಎಲೆ ಅಡಿಕೆ ಯಾವುದೂ ಬೇಡ ಎಂದು ಒಂದೊಂದನ್ನೇ ಹೆಸರಿಸಿ ಹೇಳಿ. ನೀರು ಎಷ್ಟು ಗಂಟೆಯವರೆಗೆ ಕುಡಿಯಬಹುದು ಎಂದು ಡಾಕ್ಟರನ್ನು ಕೇಳಿಕೊಂಡು ಅದನ್ನೂ ಹೇಳಿ. ಪಕ್ಕದಲ್ಲಿ ಮಲಗುವ ಮಗಳಿಗೂ ಹೇಳಿ, ಫ್ಲಾಸ್ಕ್ ಹಿಡಿದು ಬರುವವರು ಅವರೇ.

‘ಅರ್ಥ ಆಯ್ತಾ?’ ಎಂದು ಮಾತ್ರ ಕೇಳಬೇಡಿ. ಅದಕ್ಕೆ ‘ಹ್ಞೂ’ ಅನ್ನದವರು ಯಾರಿದ್ದಾರೆ? ಅರ್ಥವಾಗಲಿಲ್ಲ ಎನ್ನಲು ಎಲ್ಲರಿಗೂ ನಾಚಿಕೆ. ‘ಮನೆಗೆ ಹೋದ ಮೇಲೆ ಈ ಮಾತ್ರೆ ಹೇಗೆ ತಗೋತೀರಿ, ನನಗೊಮ್ಮೆ ಹೇಳಿ ನೋಡೋಣ, ನಾನು ಸರಿಯಾಗಿ ಹೇಳಿದೆನಾ ಗೊತ್ತಾಗಲಿ’ ಎಂದು ಕೇಳಿ. ಪರೀಕ್ಷೆ ನಿಮ್ಮದು ಎಂಬಂತೆ ಕೇಳಿದರೆ ಅವರಿಗೂ ಅವಮಾನವಾಗುವುದಿಲ್ಲ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು. ಅದನ್ನು ದಿನವೂ ನುಂಗಿ ಜೀವ ಕಳೆದುಕೊಂಡವರು ಹಲವು ದೇಶಗಳಲ್ಲಿದ್ದಾರೆ. ಇಂಥ ಮಾತ್ರೆ ಕೊಡುವಾಗ ‘ವಾರಕ್ಕೊಮ್ಮೆ’ ಎಂದು ಹೇಳಿ ಬಿಡದೆ ‘ಯಾವ ವಾರ ತಗೋತೀರಿ?’ ಎಂದು ಕೇಳಿ. ‘ಸೋಮವಾರ’ ಎಂದು ಅವರ ಬಾಯಿಂದ ಬರಲಿ. ಮಾತ್ರೆಯ ಕವರಿನ ಮೇಲೆ ಸೋಮವಾರ ಎಂದು ಕನ್ನಡದಲ್ಲಿ ಬರೆದುಕೊಡಿ. ಓದಲು ಬರದವರಾದರೆ ಜೊತೆಗೆ ಬಂದವರನ್ನು ಕರೆದು ಹೇಳಿ.

ಆಯಾಗಳನ್ನು, ವಾರ್ಡ್ ಬಾಯ್‌ಗಳನ್ನು ಹೆಸರು ಹಿಡಿದು, ಬಹುವಚನದಲ್ಲಿ ಕರೆಯಿರಿ. ರೋಗಿ ರಾತ್ರಿ ಎಷ್ಟು ಸಲ ಎದ್ದರು, ಊಟ ಮುಟ್ಟಿದರೋ ಇಲ್ಲವೋ ಎಂದು ನಿಮಗಿಂತ ಮೊದಲು ಗೊತ್ತಾಗುವುದು ಅವರಿಗೆ. ‘ಏಯ್’ ಎಂದು ಕರೆಸಿಕೊಂಡವರು ಬಂದು ನಿಮಗೆ ಅದನ್ನು ಹೇಳುತ್ತಾರೆಯೇ? ಯಾರದೇ ತಪ್ಪಿದ್ದರೂ ರೋಗಿಗಳ ಮುಂದೆ ಬೈಯಬೇಡಿ; ಪಕ್ಕಕ್ಕೆ ಕರೆದು ಹೇಳಿ. ಡಾಕ್ಟರ ಹತ್ತಿರ ಬೈಸಿಕೊಂಡ ಸಿಟ್ಟನ್ನು ಆಯಾ ಮೇಲೆ ತೀರಿಸುವುದಂತೂ ಬೇಡವೇ ಬೇಡ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ನಮ್ಮ ವಾರ್ಡುಗಳಲ್ಲಿ ದಿನವೂ ನಿಜವಾಗುವುದನ್ನು ನೋಡಿ ನನಗೆ ಸಾಕಾಗಿದೆ.

ವಾಟ್ಸಾಪ್ ಬಗ್ಗೆ ಎರಡೇ ಮಾತು. ರೋಗಿಯ ಫೋಟೊ, ಹೆಸರು, ರಿಪೋರ್ಟ್ ಯಾವುದನ್ನೂ ಗೆಳತಿಯರ ಗುಂಪಿಗೆ ಹಾಕಬೇಡಿ, ಸ್ಟೇಟಸ್ಸಿಗಂತೂ ಬೇಡ. ತುರ್ತಿನ ವಿಷಯವನ್ನು ಮೆಸೇಜಿನಲ್ಲಿ ಕಳಿಸಿ ನೀಲಿ ಗೆರೆ ಕಂಡಿತೆಂದು ನಿಶ್ಚಿಂತೆಯಾಗಿ ಕೂರಬೇಡಿ. ಆ ಗೆರೆ ಮೆಸೇಜು ತೆರೆದರೆಂದು ಹೇಳುತ್ತದೆ, ಅವರು ಬರುತ್ತಿದ್ದಾರೆಂದು ಹೇಳುವುದಿಲ್ಲ. ಫೋನ್ ಮಾಡಿ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಮಾತು ತಪ್ಪಿ, ಬೇರೆ ಔಷಧಿ ಹೋಗಬಹುದು, ಬೇರೆ ಡೋಸ್ ಹೋಗಬಹುದು. ಆಗ ನಿಮಗೆ ಮುಚ್ಚಿಡುವ ಆಸೆಯಾಗುತ್ತದೆ. ರೋಗಿ ಚೆನ್ನಾಗಿಯೇ ಇದ್ದಾರಲ್ಲ, ಬೆಳಿಗ್ಗೆ ನೋಡೋಣ ಎನ್ನಿಸುತ್ತದೆ. ನೋಡಬೇಡಿ. ಆ ನಿಮಿಷವೇ ರೋಗಿಯ ಬಳಿ ನಿಂತು ನಾಡಿ, ಬಿಪಿ ನೋಡಿ, ಡಾಕ್ಟರಿಗೆ ಫೋನ್ ಮಾಡಿ. ಏನು ಕೊಡಬೇಕಿತ್ತು, ಏನು ಕೊಟ್ಟಿರಿ, ಎಷ್ಟು, ಎಷ್ಟು ಗಂಟೆಗೆ ಎಂದು ನೇರವಾಗಿ ಹೇಳಿ. ಬೇಗ ಗೊತ್ತಾದರೆ ಬಹಳಷ್ಟು ತಪ್ಪುಗಳಿಗೆ ಪರಿಹಾರ ಇರುತ್ತದೆ. ಆಮೇಲೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರಿಗೆ ತಿಳಿಸಿ, ಘಟನೆಯ ವರದಿ ಫಾರಂ ತುಂಬಿ. ಅದರಲ್ಲಿ ಯಾರನ್ನೂ ದೂರಬೇಡಿ, ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಮನೆಯವರಿಗೆ ಡಾಕ್ಟರ ಜೊತೆಯಲ್ಲಿ ನಿಂತು ತಿಳಿಸಿ, ಒಬ್ಬರೇ ಹೋಗಬೇಡಿ. ಮುಂದಿನ ಪಾಳಿಯವರು ಬಂದಾಗ ಈ ವಿಷಯವನ್ನೇ ಎಲ್ಲಕ್ಕಿಂತ ಮೊದಲು ಹೇಳಿ, ಅವರು ತಿರುಗಿ ಹೇಳುವವರೆಗೆ ಕಾಯಿರಿ, ಆಮೇಲೆ ಮನೆಗೆ ಹೊರಡಿ.